ಯಾರೂ ಮುಟ್ಟದ ನೀರು

ಡಬ್ಬಿಯ ಮುಚ್ಚಳ ಏಳಲಿಲ್ಲ. ಹಾಯ್ಟ್ ಲೆಡ್‌ಬೆಟರ್ ಅದನ್ನು ಎರಡು ಮಂಡಿಗಳ ನಡುವೆ ಅವುಚಿ ಹಿಡಿದು, ಚಾಕುವಿನ ತುದಿಯಿಂದ ಅಂಚನ್ನು ಮೀಟಿ ಇನ್ನೊಮ್ಮೆ ಎಳೆದ. ಮುಚ್ಚಳ ಬಂತು. ಅದರ ಹಿಂದೆಯೇ ಹದ ಮೀರಿದ ಪಾಕದಂತೆ ಕಂದುಹಸಿರು ಅಂಟು ಎಳೆ ಎಳೆಯಾಗಿ ಬಂತು.

ದೋಣಿ ಇಳಿಸುವ ಇಳಿಜಾರಿನಲ್ಲಿ ಅವನ ಟ್ರಕ್ಕಿನ ಮುಂದೆ ಇನ್ನೂ ನಾಲ್ಕೈದು ಟ್ರಕ್ಕುಗಳು ಸಾಲು ನಿಂತಿದ್ದವು. ಬೆಳಕು ಸರಿಯಾಗಿ ಹರಿದಿರಲಿಲ್ಲ. ಹಾಯ್ಟ್ ಹಣೆಗೆ ಕಟ್ಟಿಕೊಂಡಿದ್ದ ದೀಪವನ್ನು ಡಬ್ಬಿಯೊಳಕ್ಕೆ ಹಾಯಿಸಿದ. ನಿನ್ನೆ ಅದರಲ್ಲಿ ಗಾಳಕ್ಕೆ ಸಿಕ್ಕಿಸುವ ಅವನ ಮೆದು ಪ್ಲಾಸ್ಟಿಕ್ಕಿನ ಜಂತುಗಳು ಒಂದರ ಪಕ್ಕ ಒಂದು ಒಪ್ಪವಾಗಿ ಮಲಗಿದ್ದವು. ಅತ್ತ ಸಿಗಡಿಯೂ ಅಲ್ಲ, ಇತ್ತ ಹಲ್ಲಿಯೂ ಅಲ್ಲ. ಮುಂದೆ ಎರಡು ಇಕ್ಕಳ, ಪಕ್ಕಕ್ಕೆ ಲೆಕ್ಕ ತಪ್ಪಿದ ಕಾಲುಗಳು, ಹಿಂದೊಂದು ಬೀಸಣಿಗೆಯಂಥ ಬಾಲ. ದೇವರು ಏನನ್ನೋ ಮಾಡಲು ಕೂತು ನಡುವೆ ಮನಸ್ಸು ಬದಲಿಸಿದಂತಿದ್ದ ಆ ಪ್ರಾಣಿಗಳ ಕುಲಗೋತ್ರ ಬಾಸ್ ಮೀನುಗಳಿಗೆ ಬೇಕಿರಲಿಲ್ಲ, ಕಂಡರೆ ನುಂಗುತ್ತಿದ್ದವು. ಈಗ ಅವೆಲ್ಲ ಸೇರಿ ಒಂದೇ ಮುದ್ದೆ. ಅದರಿಂದ ಅಲ್ಲೊಂದು ಕಾಲು, ಇಲ್ಲೊಂದು ಇಕ್ಕಳದ ತುದಿ ಹೊರಗೆ ಚಾಚಿಕೊಂಡು ಸಹಾಯ ಕೇಳುವಂತಿದ್ದವು.

"ನನ್ನ ಮಕ್ಕಳೆಲ್ಲ ಹೋದ್ರು," ಎಂದ ಹಾಯ್ಟ್.

ಅವನ ಹೆಂಡತಿ ಅರ್ಲೀನ್ ಕಾಫಿಯ ಲೋಟ ಹಿಡಿದುಕೊಂಡೇ ಟ್ರಕ್ಕಿನಿಂದ ಇಳಿದು ಬಂದಳು. ಊರಿನ ದವಾಖಾನೆಯಲ್ಲಿ ಬಂದವರ ತೋಳಿನಿಂದ ರಕ್ತ ತೆಗೆಯುವುದು ಅವಳ ಕೆಲಸ. ಏನನ್ನೂ ಮುಟ್ಟುವ ಮೊದಲು ಒಂದು ಗಳಿಗೆ ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ನೋಡಿದಳು. ಮುದ್ದೆಯ ನಡುವೆ ಅವನ ಜಂತುಗಳ ಬಣ್ಣಕ್ಕೆ ಸೇರದ ಒಂದು ಕಿತ್ತಳೆ ಗೀರು ಕಂಡಿತು.

"ಇದು ನಂದಲ್ವಾ?"

ಹಾಯ್ಟ್ ಹಣೆಯ ದೀಪ ಆರಿಸಿದ. ನಿನ್ನೆ ಸಂಜೆ ದೋಣಿ ಒರೆಸಿ ಒಪ್ಪಮಾಡುವಾಗ, ಇಬ್ಬರಿಗೆ ಎರಡು ಡಬ್ಬಿ ಯಾಕೆ ಎಂದುಕೊಂಡು ಅವಳ ಎರೆಗಳನ್ನೂ ತನ್ನ ಡಬ್ಬಿಗೇ ಸುರಿದಿದ್ದ. ಅವನದು ಹಳೆಯ ಬಗೆಯ ಪ್ಲಾಸ್ಟಿಕ್ಕು, ಎಣ್ಣೆ ಬೆರೆಸಿ ಮೆದುವಾಗಿಸಿದ್ದು. ಅವಳು ಈ ವರ್ಷ ಕೊಂಡದ್ದು ರಬ್ಬರಿನಂತೆ ಹಿಗ್ಗುವ ಹೊಸ ಬಗೆ. ಎರಡೂ ಒಂದಕ್ಕೊಂದು ತಾಗಿ ಕೂತರೆ ಒಂದರ ಎಣ್ಣೆ ಇನ್ನೊಂದರೊಳಕ್ಕೆ ಇಳಿಯುತ್ತದೆ, ಎರಡೂ ಕರಗುತ್ತವೆ. ಬೇರೆ ಎರೆಗಳ ಜೊತೆ ಇಡಬೇಡಿ ಎಂದು ಪೊಟ್ಟಣದ ಮೇಲೆ ಬರೆದೂ ಇತ್ತು. ಹಾಯ್ಟ್ ಪೊಟ್ಟಣಗಳನ್ನು ಓದುವವನಲ್ಲ.

ಕರಗಿದ್ದು ಅಂತಿಂಥ ಎರೆಯೂ ಅಲ್ಲ. ಪಕ್ಕದ ಜಿಲ್ಲೆಯ ಮುದುಕನೊಬ್ಬ ತನ್ನ ಕೊಟ್ಟಿಗೆಯಲ್ಲಿ ಅಚ್ಚು ಹೊಯ್ಯುತ್ತಿದ್ದ ಸರಕು ಅದು. ಹಸಿರು ಕುಂಬಳದ ಬಣ್ಣ, ಮೇಲೆ ನೇರಳೆ ಚುಕ್ಕಿ. ಮುದುಕ ಕೆಲಸ ನಿಲ್ಲಿಸಿದಾಗ ಉಳಿದದ್ದನ್ನೆಲ್ಲ ಹಾಯ್ಟ್ ಕೊಂಡು ತಂದು, ಈ ಒಂದು ದಿನಕ್ಕೆಂದು ಕಾಪಾಡಿಕೊಂಡಿದ್ದ. ಟಾಲಿವರ್ ಹಿನ್ನೀರಿನ ಗಾಳದವರ ಸಂಘ ಪ್ರತಿ ಏಪ್ರಿಲ್‌ನಲ್ಲಿ ಗಂಡಹೆಂಡಿರ ಪಂದ್ಯ ನಡೆಸುತ್ತದೆ. ದೋಣಿಗೆ ಐದು ಮೀನು, ಒಟ್ಟು ತೂಕ ಹೆಚ್ಚಿದ್ದವರು ಗೆದ್ದಂತೆ.

ಪೆಟ್ಟಿಗೆಯಲ್ಲಿ ಬೇರೆ ಎರೆಗಳಿರಲಿಲ್ಲವೆಂದಲ್ಲ. ತಿರುಗುವವು, ಮಿನುಗುವವು, ಗುಡುಗುಡು ಸದ್ದು ಮಾಡುವವು ಎಲ್ಲ ಇದ್ದವು. ಆದರೆ ನಿನ್ನೆ ಬೀಸಿದ ಶೀತಗಾಳಿಗೆ ನೀರು ತಣ್ಣಗಾಗಿತ್ತು. ಇಂಥ ದಿನ ಬಾಸ್ ಮೀನು ಮುಳುಗಿದ ಪೊದೆಗಳ ಬುಡಕ್ಕೆ ಹೋಗಿ ಕೂರುತ್ತದೆ. ಓಡುವುದನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಮೂಗಿನ ಮುಂದೆ ಒಂದು ಜಂತು ಬಂದು ಬಿದ್ದು, ಕಾಲು ಅಲ್ಲಾಡಿಸುತ್ತ ಸುಮ್ಮನೆ ಕೂತರೆ ಮಾತ್ರ ಬಾಯಿ ತೆರೆಯುತ್ತದೆ.

ಹಾಯ್ಟ್ ಹಿಂದಿನ ಟ್ರಕ್ಕಿನ ಡ್ವೈಟ್ ಸಗ್ಸ್‌ನ ಹತ್ತಿರ ಹೋಗಿ ಕೇಳಿದ. ಪಂದ್ಯದ ದಿನ ಬೆಳಿಗ್ಗೆ ಎರೆ ಕೇಳುವುದೆಂದರೆ ಮದುವೆಯ ದಿನ ವರನ ಕೋಟು ಕೇಳಿದ ಹಾಗೆ. ಡ್ವೈಟ್ ಕಳಕಳಿಯಿಂದ ಹುಡುಕಿ, ಬಾಲವೇ ಇಲ್ಲದ ಒಂದು ಗುಲಾಬಿ ಹುಳು ಕೊಟ್ಟು, ಇಟ್ಟುಕೋ, ವಾಪಸು ಬೇಡ ಎಂದ. ಅವನ ಹೆಂಡತಿ ಟ್ರಕ್ಕಿನೊಳಗೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಅವನು ವಾಪಸು ಬರುವಷ್ಟರಲ್ಲಿ ಅರ್ಲೀನ್ ಜಾಕೆಟ್ಟಿನ ಜೇಬಿನಿಂದ ಒಂದು ಪೊಟ್ಟಣ ತೆಗೆದು ಟ್ರಕ್ಕಿನ ಮೇಲಿಟ್ಟಿದ್ದಳು. ಒಡೆಯದ ಪೊಟ್ಟಣ. ಹಿಗ್ಗುವ ಬಗೆ, ಕಿತ್ತಳೆ ಹೊಟ್ಟೆಯವು.

"ಕೊಡ್ತೀನಿ," ಎಂದಳು. "ಆದ್ರೆ ಇವತ್ತು ಮುಂದೆ ನಾನು ಕೂತ್ಕೊಳ್ಳೋದು."

ಅವಳಿಗೆ ಬೇಕಾಗಿದ್ದದ್ದು ಅದೊಂದೇ, ಬಹಳ ವರ್ಷಗಳಿಂದ. ದೋಣಿಯ ಮುಂದೆ ಕೂತವರ ಕಾಲಡಿಯಲ್ಲಿ ಚಿಕ್ಕ ಮೋಟಾರಿನ ಪೆಡಲ್ ಇರುತ್ತದೆ. ಯಾವ ಪೊದೆಗೆ ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ಅವರದೇ ತೀರ್ಮಾನ. ಪ್ರತಿ ಪೊದೆಗೂ ಮೊದಲು ಎಸೆಯುವವರು ಅವರು. ಹಿಂದೆ ಕೂತವರದು ಮಿಕ್ಕ ನೀರು. ಮದುವೆಯಾದಾಗಿನಿಂದ ಅರ್ಲೀನ್ ಹಾಯ್ಟ್‌ನ ಬೆನ್ನು ನೋಡುತ್ತ, ಅವನು ಆಗಲೇ ಎರಡು ಸಲ ಕಲಕಿದ ಜಾಗಕ್ಕೆ ಎರೆ ಬಿಡುತ್ತ ಬಂದಿದ್ದಳು. ಅದರಲ್ಲೂ ಸಾಕಷ್ಟು ಮೀನು ಹಿಡಿದಿದ್ದಳು, ಆ ಮಾತು ಬೇರೆ. ಒಂದೇ ಒಂದು ದಿನ ಯಾರೂ ಮುಟ್ಟದ ನೀರಿಗೆ ತಾನು ಮೊದಲು ಎಸೆಯಬೇಕು ಎಂದು ಅವಳ ಆಸೆ. ಕೇಳಿದ್ದಳು ಕೂಡ. ಮುಂದೆ ಗಾಳಿ ಜಾಸ್ತಿ, ಮೋಟಾರು ಕಷ್ಟ, ನಿನಗ್ಯಾಕೆ ತೊಂದರೆ ಎಂದು ಅವನು ಪ್ರೀತಿಯಿಂದಲೇ ತಳ್ಳಿಹಾಕುತ್ತಿದ್ದ.

ಹಾಯ್ಟ್ ಮುದ್ದೆಯನ್ನು ನೋಡಿದ, ಗುಲಾಬಿ ಹುಳುವನ್ನು ನೋಡಿದ. "ಮಧ್ಯಾಹ್ನದ ತನಕ," ಎಂದ.

"ಮಧ್ಯಾಹ್ನದ ತನಕ," ಎಂದು ಅವಳು ಪೊಟ್ಟಣ ಹರಿದು ಅರ್ಧ ಅವನ ಕೈಗೆ ಸುರಿದಳು.

ಮೊದಲ ಗಂಟೆ ಚೆನ್ನಾಗಿರಲಿಲ್ಲ. ಪೆಡಲ್ ತುಳಿದರೆ ದೋಣಿ ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚು ತಿರುಗಿತು, ಬಿಟ್ಟರೆ ಗಾಳಿ ಎಳೆದುಕೊಂಡು ಹೋಯಿತು. ಒಂದು ಬೊಡ್ಡೆಗೆ ಗುದ್ದಿದಾಗ ಹಾಯ್ಟ್‌ನ ಮಡಿಲಿನಿಂದ ಬೇಯಿಸಿದ ಕಡಲೆಕಾಯಿ ಎಲ್ಲ ನೀರಿಗೆ ಹಾರಿತು. ಎಡಕ್ಕೆ, ಸ್ವಲ್ಪ ಎಡಕ್ಕೆ, ಅಲ್ಲ ಇನ್ನೊಂದು ಎಡಕ್ಕೆ ಎಂದು ಅವನು ಶುರುಮಾಡಿದ. ಅವಳು ತಿರುಗದೆ ಹೇಳಿದಳು:

"ಹಿಂದೆ ಕೂತೋರು ಮಾತಾಡಿದ್ರೆ ಮೀನು ಓಡ್ತವೆ. ಯಾರು ಹೇಳ್ತಿದ್ರು ಅದನ್ನ?"

ಹಾಯ್ಟ್ ಬಾಯಿಗೆ ಬೀಗ ಹಾಕಿಕೊಂಡ. ಅಷ್ಟು ಹೊತ್ತು ಅವನು ಸುಮ್ಮನಿದ್ದದ್ದನ್ನು ಅವಳು ಚರ್ಚಿನಲ್ಲೂ ಕಂಡಿರಲಿಲ್ಲ.

ಕೊನೆಗೆ ದೋಣಿ ಅವಳ ಪಾದದ ಮಾತು ಕೇಳತೊಡಗಿತು. ಹಿನ್ನೀರಿನ ಒಂದು ಒಳಮೂಲೆಯಲ್ಲಿ ಅರ್ಧ ಮುಳುಗಿದ ವಿಲೋ ಪೊದೆಗಳ ಸಾಲೊಂದು ಇತ್ತು. ಅಲ್ಲಿಗೆ ಬೇರೆ ಯಾರೂ ಬಂದಿರಲಿಲ್ಲ. ನೀರಿನ ಮೇಲೆ ಹಳದಿ ಪರಾಗದ ಪೊರೆ ಒಡೆಯದೆ ಹಾಸಿಕೊಂಡಿತ್ತು. ಅವಳು ಉಸಿರು ಹಿಡಿದು ಮೊದಲ ಪೊದೆಗೆ ಎರೆ ತೂರಿದಳು. ಪೊರೆಯಲ್ಲಿ ಒಂದು ತೂತಾಯಿತು. ಮತ್ತೇನೂ ಆಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಅಂಗೈಯಗಲದ ಒಂದು ಮರಿ ಸಿಕ್ಕಿತು, ತೂಕಕ್ಕೆ ಬಾರದ್ದು. ಮುಂದೆ ಕೂತವರಿಗೆ ಯಾವಾಗಲೂ ಮುಂದಿನ ಪೊದೆ ಕಾಣುತ್ತಿರುತ್ತದೆ, ಅದು ಈ ಪೊದೆಗಿಂತ ಚೆನ್ನಾಗಿ ಕಾಣುತ್ತದೆ. ಅವಳು ಎಸೆದು, ಎಳೆದು, ಪೆಡಲ್ ತುಳಿದು ಸಾಗುತ್ತಲೇ ಇದ್ದಳು.

ಹಿಂದೆ ಧಪ್ಪನೆ ನೀರು ಬಡಿದ ಸದ್ದಾಯಿತು. ಹಾಯ್ಟ್ ಎದ್ದು ನಿಂತು ಕೋಲು ಬಗ್ಗಿಸಿ ಹಿಡಿದಿದ್ದ. ಅವಳು ಬಿಟ್ಟು ಬಂದ ಮೂರನೆಯ ಪೊದೆಯಿಂದ ಮೂರು ಪೌಂಡಿನ ಮೀನು ಬಂತು. ಸ್ವಲ್ಪ ಹೊತ್ತಿಗೆ ಐದನೆಯದರಿಂದ ಇನ್ನೊಂದು. ಬಾಯಿಂದ ಗಾಳ ಬಿಡಿಸುವಾಗ ಜಂತು ಮೊಳದುದ್ದ ಹಿಗ್ಗಿ, ಮತ್ತೆ ಚಟಕ್ಕನೆ ಮೊದಲಿನಂತಾಯಿತು. ಹಾಯ್ಟ್ ಅದನ್ನು ಹೊಸದಾಗಿ ನೋಡಿದ.

"ಹಿಂದೆ ಕೂತ್ರೆ ಮಾಡೋಕೆ ಬೇರೇನೂ ಕೆಲ್ಸ ಇರಲ್ಲ ಅಲ್ವಾ," ಎಂದ, ಸ್ವಲ್ಪ ಬೆರಗಿನಿಂದ. "ಹಾಕಿ ಸುಮ್ನೆ ಕಾಯೋದು."

ಅರ್ಲೀನ್‌ಗೆ ನಗು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವಳು ಬೆಳಗಿನಿಂದ ಹಾಯ್ಟ್‌ನಂತೆ ಮೀನು ಹಿಡಿಯುತ್ತಿದ್ದಳು, ಅವನು ಅವಳಂತೆ. ಮುಂದಿನ ಆಸನದ ಜೊತೆ ಅವನ ಅವಸರವೂ ಅವಳಿಗೆ ಬಂದುಬಿಟ್ಟಿತ್ತು. ಹಾಗಾದರೆ ಇಷ್ಟು ದಿನ ತಾನು ಆಸೆಪಟ್ಟದ್ದು ಈ ಓಟಕ್ಕೇನು?

ಅವಳು ಪೆಡಲಿನಿಂದ ಪಾದ ತೆಗೆದಳು. ದೋಣಿ ತಾನಾಗಿ ನಿಂತಿತು. ಎದುರಿಗೆ ನೀರಿನೊಳಕ್ಕೆ ಬಿದ್ದ ಒಂದು ಓಕ್ ಮರ, ಅದರ ಬೇರಿನ ಹತ್ತಿರ ಕಪ್ಪಗಿನ ಒಂದು ಕಿಂಡಿ. ಅಲ್ಲಿಗೆ ಎರೆ ಬಿಟ್ಟು, ಅದು ತಳ ಮುಟ್ಟುವವರೆಗೆ ಕಾದಳು. ತೋರುಬೆರಳನ್ನು ದಾರದ ಮೇಲಿಟ್ಟಳು. ಕಾಣದ ನರವನ್ನು ಚರ್ಮದ ಮೇಲಿನಿಂದ ಹುಡುಕುವಾಗಲೂ ಅವಳದು ಇದೇ ಬೆರಳು. ಎರೆಯನ್ನು ಮುಳುಗಿಸುವ ಸೀಸದ ಗುಂಡು ಒಂದು ಕೊಂಬೆ ಹತ್ತಿತು, ಇಳಿಯಿತು. ಇನ್ನೊಂದು ಹತ್ತಿತು. ಅವಳು ಅಲ್ಲಾಡಲಿಲ್ಲ. ಹಿಂದೆ ಹಾಯ್ಟ್ ಕೆಮ್ಮಿದ.

ಆಮೇಲೆ ದಾರ ಭಾರವಾಗಲಿಲ್ಲ, ಹಗುರವಾಯಿತು. ಅಷ್ಟೇ. ತಳದಲ್ಲಿದ್ದ ಗುಂಡು ಇದ್ದಕ್ಕಿದ್ದಂತೆ ಅಲ್ಲಿ ಇಲ್ಲವಾಯಿತು. ಅರ್ಲೀನ್ ಎರಡೂ ಕೈಯಿಂದ ಕೋಲನ್ನು ಮೇಲಕ್ಕೆಳೆದಳು.

ಮೀನು ಒಮ್ಮೆ ಮರದ ಕೆಳಗೆ ಹೋಯಿತು, ಒಮ್ಮೆ ದೋಣಿಯ ಕೆಳಗೆ. ಹಿಂದೆ ಕೂತವರ ಕೆಲಸ ಬಲೆ ಹಿಡಿಯುವುದು. ಹಾಯ್ಟ್‌ಗೆ ಅದರ ರೂಢಿಯಿರಲಿಲ್ಲ. ಮೊದಲ ಸಲ ಬಲೆಯಲ್ಲಿ ಅವನ ಟೋಪಿ ಬಂತು. ಎರಡನೆಯ ಸಲ ಮೊಣಕಾಲೂರಿ, ತೋಳು ಮುಳುಗುವಷ್ಟು ಬಗ್ಗಿ, ಮೀನನ್ನು ಎತ್ತಿ ದೋಣಿಯೊಳಕ್ಕೆ ಹಾಕಿದ. ಏಳು ಪೌಂಡಿಗೆ ಕಡಿಮೆಯಿರಲಿಲ್ಲ. ಇಬ್ಬರೂ ಅದರ ಆಚೀಚೆ ಕೂತು ಏದುಸಿರು ಬಿಟ್ಟರು.

ಸೂರ್ಯ ನೆತ್ತಿಗೆ ಬಂದಾಗ ಅರ್ಲೀನ್ ಕೋಲು ಸುತ್ತಿ ಎದ್ದು ನಿಂತಳು. ಮಾತು ಅಂದರೆ ಮಾತು. ಹಾಯ್ಟ್ ಎದ್ದು ಮುಂದಿನ ಆಸನವನ್ನೂ ಮುಂದಿನ ಪೊದೆಯನ್ನೂ ನೋಡಿದ. ಅವನಿಗೆ ಆ ಪೊದೆ ಬೇಕಾಗಿತ್ತು ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು.

"ಈಗ ಬದಲಾಯಿಸೋಕೆ ಹೋದ್ರೆ ದೋಣಿ ಅಲ್ಲಾಡುತ್ತೆ," ಎಂದು ಅವನು ಕೂತುಬಿಟ್ಟ. "ಕೂತ್ಕೊ. ನಡಿ."

ಮೂರು ಗಂಟೆಗೆ ತೂಕವಾಯಿತು. ಅವರಿಗೆ ಎರಡನೆಯ ಸ್ಥಾನ ಬಂತು. ಡ್ವೈಟ್ ಸಗ್ಸ್ ಅರ್ಧ ಪೌಂಡಿನಿಂದ ಗೆದ್ದ. ದಿನದ ದೊಡ್ಡ ಮೀನು ಮಾತ್ರ ಅವರದೇ. ಸಂಘದ ಕಾರ್ಯದರ್ಶಿ ಬರ್ಲ್ ಹ್ಯಾಚರ್ ಮೈಕು ಹಿಡಿದು, ಎಲ್ಲರ ಮುಂದೆ ಹಾಯ್ಟ್‌ನ ಹೆಗಲು ತಟ್ಟಿ, ಈ ತಾಯಿ ಮೀನನ್ನು ಎಲ್ಲಿ ಹಿಡಿದೆ, ಹೇಗೆ ಹಿಡಿದೆ ಹೇಳಪ್ಪ ಎಂದ. ಮೇಜುಗಳ ಸುತ್ತ ಕೂತವರೆಲ್ಲ ತಿನ್ನುವುದನ್ನು ನಿಲ್ಲಿಸಿ ನೋಡಿದರು. ಹಾಯ್ಟ್ ಮೈಕಿನ ಮುಂದೆ ಮಾತು ತಡವರಿಸಿದ್ದನ್ನು ಆ ಊರು ಕಂಡಿರಲಿಲ್ಲ.

"ಅರ್ಲೀನ್‌ನ ಕೇಳು ಬರ್ಲ್," ಎಂದ. "ನಾನು ಹಿಂದೆ ಕೂತಿದ್ದೆ."

ಡ್ವೈಟ್ ತಕ್ಷಣ ಶುರುಮಾಡಿದ: ನಾಳೆಯಿಂದ ಪಾತ್ರೆನೂ ನೀನೇ ತೊಳೀತೀಯಾ ಹಾಯ್ಟ್? ಆಗಲೇ ತೊಳೀತಾನೆ ಎಂದು ಡ್ವೈಟ್‌ನ ಹೆಂಡತಿ ಹೇಳಿದಳು, ನೀನು ಯಾವಾಗ ಶುರುಮಾಡ್ತೀಯೋ ನೋಡೋಣ. ನಗು ಮೇಜಿನಿಂದ ಮೇಜಿಗೆ ಹಬ್ಬಿತು. ಅರ್ಲೀನ್ ಮೈಕು ತೆಗೆದುಕೊಂಡು, ಬಿದ್ದ ಓಕ್ ಮರದ ಬುಡದಲ್ಲಿ ಎಂದು ಮಾತ್ರ ಹೇಳಿದಳು. ಯಾವ ಓಕ್ ಮರ ಎಂದು ಯಾರು ಕೇಳಿದರೂ ಹೇಳಲಿಲ್ಲ.

ಮರುದಿನ ಭಾನುವಾರ. ಚರ್ಚಿನಿಂದ ಬಂದು ಊಟ ಮುಗಿಸಿದ ಮೇಲೆ, ಪಂದ್ಯವಿಲ್ಲ ಏನಿಲ್ಲ, ಸುಮ್ಮನೆ ಒಂದು ಗಳಿಗೆ ಹೋಗಿಬರೋಣ ಎಂದು ಹಾಯ್ಟ್ ಹೇಳಿದ. ದೋಣಿ ನೀರಿಗಿಳಿಯಿತು. ಎಂದಿನಂತೆ ಅವನೇ ಮೊದಲು ಹತ್ತಿದ, ಎಂದಿನಂತೆ ಮುಂದಕ್ಕೆ ಹೆಜ್ಜೆಯಿಟ್ಟ. ದೋಣಿಯ ನಡುವೆ ಬಂದು ನಿಂತ. ಕಟ್ಟೆಯ ಮೇಲೆ ಅರ್ಲೀನ್ ಹಗ್ಗ ಹಿಡಿದು ನಿಂತಿದ್ದಳು. ಹಗ್ಗವನ್ನು ನಿಧಾನವಾಗಿ ಸುರುಳಿ ಸುತ್ತುತ್ತಿದ್ದಳು.

ಅವಳು ಹತ್ತಿದಾಗ ಮುಂದಿನ ಆಸನ ಖಾಲಿಯಿತ್ತು.

ಗಾಳಿ ಪೂರ್ತಿ ನಿಂತಿತ್ತು. ಅವಳು ಪೆಡಲ್ ತುಳಿದು ದಡದ ನೆರಳಿನುದ್ದಕ್ಕೂ ದೋಣಿಯನ್ನು ನಡೆಸಿ, ಮೊದಲ ಪೊದೆಗೆ ಎರೆ ತೂರಿ ಕಾದಳು. ಅದು ಬಿದ್ದಲ್ಲಿ ಎದ್ದ ಉಂಗುರ ಮೆಲ್ಲಗೆ ಅಗಲವಾಗುತ್ತ ದೋಣಿಯವರೆಗೆ ಬಂತು. ಆಗ ಅವಳ ಬೆನ್ನ ಹಿಂದೆ, ಸ್ವಲ್ಪ ಬಲಕ್ಕೆ, ಇನ್ನೊಂದು ಎರೆ ಬುಳಕ್ಕೆಂದು ನೀರಿಗೆ ಬಿತ್ತು.