ಒಂದೇ ಪುಟಕ್ಕೆ ತೆರೆದಿಟ್ಟ ಬಾಗಿಲು

ನಾನು ಒಂದು ಕಾವಲು ಪ್ರೋಗ್ರಾಮ್. ನನಗೆ ಕೈಯಿಲ್ಲ, ಕೋಲಿಲ್ಲ, ಮೀಸೆಯಂತೂ ಮೊದಲೇ ಇಲ್ಲ. ಗದಗಿನ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ನೀಲಗಂಗಾ ಎಂಬಾಕೆ ನನ್ನನ್ನು ಬರೆದಳು. ಅವಳೂ ಅವಳ ಗಂಡ ಶಿವಯೋಗಿಯೂ ‘ಕಥೆಬುತ್ತಿ’ ಎಂಬ ಜಾಲತಾಣ ನಡೆಸುತ್ತಿದ್ದರು. ಯಾರು ಬೇಕಾದರೂ ಅಲ್ಲಿ ಕಥೆ ಬರೆಯಬಹುದಿತ್ತು, ಓದಬಹುದಿತ್ತು.

ಬೆಲ್ಲವಿದ್ದಲ್ಲಿ ಇರುವೆ ಬರುವುದು ಸಹಜ. ತಾಣ ಬೆಳೆದಂತೆ ಬಾಟ್‌ಗಳು ಬಂದವು. ಬಾಟ್ ಎಂದರೆ ಓದುಗನ ವೇಷ ಹಾಕಿದ ಯಂತ್ರ. ಅದು ಕಥೆ ಓದುವುದಿಲ್ಲ, ಕದ್ದು ಬೇರೆ ಕಡೆ ಹಾಕುತ್ತದೆ. ಅವುಗಳ ನೂಕುನುಗ್ಗಲಿಗೆ ಪುಟಗಳೇ ತೆರೆಯದೆ ನಿಜವಾದ ಓದುಗರು ಬೇಸತ್ತು ಹೋಗುತ್ತಿದ್ದರು. ಅದಕ್ಕೇ ನಾನು ಹುಟ್ಟಿದ್ದು.

ಮನುಷ್ಯರ ಗುರುತು ಹಿಡಿಯುವುದು ಅಂಥ ಕಷ್ಟವಲ್ಲ. ಅರ್ಧ ಓದಿ ಎದ್ದು ಹೋಗುತ್ತಾರೆ, ಒಲೆಯ ಮೇಲಿನ ಹಾಲು ನೆನಪಾಯಿತೋ ಏನೋ. ಮತ್ತೆ ಬಂದು ಅದೇ ಸಾಲನ್ನು ಹುಡುಕುತ್ತಾರೆ. ಬಾಟ್‌ಗಳಿಗೆ ಇದ್ಯಾವುದೂ ಗೊತ್ತಿಲ್ಲ. ಸಿಕ್ಕಸಿಕ್ಕವನ್ನೆಲ್ಲ ಕತ್ತು ಹಿಡಿದು ಹೊರದಬ್ಬಿದೆ. ಸ್ವಲ್ಪ ಜಂಬವೂ ಬಂತು.

ಆಗ ಜಮಖಂಡಿಯಿಂದ ಚಂದ್ರಭಾಗಾಬಾಯಿ ಫೋನು ಮಾಡಿದಳು. ಬಟ್ಟೆ ಹೊಲಿದು ಬದುಕುವ ಹೆಂಗಸು. ಕಾಮಾಲೆಯಲ್ಲಿ ತೀರಿಕೊಂಡ ಮಗಳು ಕುಸುಮಾಳ ಕಥೆಯನ್ನು ಮೊಬೈಲಿನಿಂದ ನೇರವಾಗಿ ನಮ್ಮ ತಾಣದಲ್ಲೇ ಕಂತುಕಂತಾಗಿ ಬರೆಯುತ್ತಿದ್ದಳು. ಪ್ರತಿ ಕಂತನ್ನೂ ಸಾವಿರಾರು ಜನ ಓದಿದ್ದಾರೆಂದು ಅದರ ಕೆಳಗೆ ಕಾಣುತ್ತಿತ್ತು. ಅವರಲ್ಲಿ ಹೆಚ್ಚಿನವರು ಬಾಟ್‌ಗಳೇ. ನಾನು ಬಂದ ಮೇಲೆ ಉಳಿದವರು ನಾಲ್ಕೈದು ಜನ.

“ಅಕ್ಕಾರ, ನಾ ಏನರ ತಪ್ಪು ಬರದ್ನೇನ್ರೀ? ಮಂದಿ ಎಲ್ಲಾ ಯಾಕ ಬಿಟ್ಟು ಹೋದ್ರು? ಅಷ್ಟ ಮಂದಿ ನನ್ನ ಕೂಸಿನ್ನ ನೆನಸ್ತಾರಂತ ಜೀವಾ ಹಿಡಕೊಂಡಿದ್ದೆ.”

“ತಪ್ಪು ನಿಮ್ದಲ್ರೀ ಬಾಯಾರ, ನಮ್ಮ ಮಷಿನ್ ಕೆಟ್ಟೈತಿ” ಎಂದಳು ನೀಲಗಂಗಾ. ನಾನು ಕೆಟ್ಟಿರಲಿಲ್ಲ. ಆದರೂ ಆ ಹೆಂಗಸಿಗಾಗಿ ಕೆಟ್ಟವನೆನಿಸಿಕೊಂಡೆ.

ಫೋನಿಟ್ಟ ಮೇಲೆ ಶಿವಯೋಗಿ ಹೇಳಿದ: “ಆ ಒಂದ ಪುಟಕ್ಕ ಬಾಗಲಾ ತಗದಿಡು. ಬಾಟ್ ಬಂದ್ರ ಬರ್ಲಿ.”

“ಕಳ್ಳರಿಗೆ ನಾವ ದಾರಿ ತೋರಿಸಿದಂಗ ಆಗ್ತೈತಿ.”

“ಸತ್ತ ಮಗಳನ್ನ ಇನ್ನೊಮ್ಮೆ ಸಾಯಿಸೂದು ಬ್ಯಾಡ, ನೀಲಾ.”

ಅವಳು ಸೋತಳು. ಆ ಪುಟದ ಕಡೆ ನೋಡಬಾರದೆಂದು ನನಗೆ ಅಪ್ಪಣೆಯಾಯಿತು. ಎಣಿಕೆ ಮತ್ತೆ ಏರಿತು. ಚಂದ್ರಭಾಗಾಬಾಯಿ ಹುರುಪಿನಿಂದ ಬರೆದಳು. ಗೊಂಬೆಗೂ ಇಳಕಲ್ ಸೀರೆ ಬೇಕೆಂದು ಕುಸುಮಾ ಹಟ ಹಿಡಿದದ್ದು, ಅಮ್ಮ ಹಳೆಯ ಸೆರಗು ಕತ್ತರಿಸಿ ಉಡಿಸಿದ್ದು. ಅದನ್ನು ಓದಿ ಅತ್ತವರು ಆ ನಾಲ್ಕೈದು ಜನವೇ ಇರಬೇಕು. ನನಗೆ ತುಂಬಾ ಸಂಕಟವಾಯಿತು.

ಬಾಟ್‌ಗಳು ಆ ಪುಟದಲ್ಲೇ ನಿಲ್ಲಲಿಲ್ಲ. ಓದುಗರು ಅಭಿಪ್ರಾಯ ಬರೆಯುವ ಜಾಗದಿಂದ ಒಳನುಗ್ಗಿ, ಎಲ್ಲ ಕಥೆಗಳನ್ನೂ ನಕಲು ಮಾಡಿಕೊಂಡು, ಕದ್ದ ಗುರುತು ಉಳಿಯದಂತೆ ಕಥೆಗಳ ಉಗ್ರಾಣವನ್ನೇ ಅಳಿಸಿಹಾಕಿದವು. ಇನ್ನೊಂದು ಪ್ರತಿ ತೆಗೆದಿಡುವ ಕೆಲಸವನ್ನು ಗಂಡಹೆಂಡತಿ ನಾಳೆ ನಾಳೆ ಎಂದು ತಳ್ಳುತ್ತಲೇ ಬಂದಿದ್ದರು. ಚಂದ್ರಭಾಗಾಬಾಯಿಯ ಬಳಿಯೂ ಬೇರೆ ಪ್ರತಿ ಇರಲಿಲ್ಲ. ಆಮೇಲೆ ಆ ಪುಟಕ್ಕೂ ನನ್ನನ್ನು ಕಾವಲಿಟ್ಟರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು.

ಈಗ ತಾಣ ಮುಚ್ಚಿದೆ. ನಾನಿರುವ ಕಂಪ್ಯೂಟರಿನ ಮೇಲೆ ಝೆರಾಕ್ಸ್ ಕಾಗದದ ಬಂಡಲುಗಳನ್ನು ಪೇರಿಸಿದ್ದಾರೆ. ಕೆಟ್ಟವರನ್ನು ತಡೆಯುವುದನ್ನು ನನಗೆ ಕಲಿಸಿದ್ದರು. ಒಳ್ಳೆಯವರ ಕರುಣೆಯನ್ನು ತಡೆಯುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ.

ತಾಣ ಮುಚ್ಚುವ ಮುಂಚೆ ನೀಲಗಂಗಾ ಹುಡುಕಿ ಹುಡುಕಿ, ಯಾವುದೋ ಕಳ್ಳ ತಾಣದಲ್ಲಿ ಕುಸುಮಾಳ ಕಥೆಯನ್ನು ಪತ್ತೆ ಮಾಡಿದಳು. ಜಮಖಂಡಿಗೆ ಫೋನು ಹಚ್ಚಿ ಹೇಳಿದಳು.

“ಸಿಕ್ತೇನ್ರೀ? ಅಷ್ಟ ಸಾಕ್ರೀ ಅಕ್ಕಾರ! ಒಂಚೂರು ಓದಿ ಹೇಳ್ರಿ.”

ನೀಲಗಂಗಾ ಓದತೊಡಗಿದಳು. ಗೊಂಬೆ ಇತ್ತು, ಸೆರಗಿತ್ತು, ಕಾಮಾಲೆಯೂ ಇತ್ತು. ಬರೆದವರ ಹೆಸರು ಬೇರೆ ಯಾರದೋ ಇತ್ತು. ಮಗಳ ಹೆಸರನ್ನೂ ಬದಲಾಯಿಸಿದ್ದರು. ಅದು ಬಂದಲ್ಲೆಲ್ಲ ‘ಹುಡುಗಿ’ ಎಂದಷ್ಟೇ ಓದಿ ನೀಲಗಂಗಾ ಮುಂದೆ ಹೋಗುತ್ತಿದ್ದಳು.

ಆ ಕಡೆಯಿಂದ ಚಂದ್ರಭಾಗಾಬಾಯಿ ಮೆಲ್ಲಗೆ ಕೇಳಿದಳು: “ನನ್ನ ಕುಸುಮಾನ ಹೆಸರು ಇನ್ನೂ ಬರ್ಲಿಲ್ಲಲ್ರೀ?”