ಬಲಗಾಲ ಚಪ್ಪಲಿ

ಜುಂಜಪ್ಪ ಅಂಗಿಯ ಜೇಬಿನಿಂದ ಬ್ರಾಂದಿ ಪ್ಯಾಕೆಟ್ ತೆಗೆದು ಶರಣುವಿನ ಹೆಣದ ತಲೆದೆಸೆಯಲ್ಲಿ ಇಡುವಷ್ಟರಲ್ಲಿ ಸುನೀತಾ ಅದನ್ನು ಕಸಿದುಕೊಂಡಳು.

"ಯಾಕವ್ವ? ಹೋದೋರಿಗೆ ಇಷ್ಟವಾದದ್ದು ಗುಂಡಿಗೆ ಇಡಬೇಕಲ್ಲ. ನಮ್ಮಪ್ಪಗೆ ಬೀಡಿಕಟ್ಟು ಇಟ್ಟಿದ್ವಿ."

"ನಮ್ಮಣ್ಣ ಕುಡೀತಿರ್ಲಿಲ್ಲ, ದೊಡ್ಡಪ್ಪ."

ಅಂಗಳದಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಶರಣು ತೂರಾಡುತ್ತ ನಡೆಯುವುದನ್ನು ಬಿಳಿಚೋಡು ಊರಿನಲ್ಲಿ ನೋಡದವರಿರಲಿಲ್ಲ. ಬೆಳಗಿನ ಚಹಾದ ಹೊತ್ತಿಗೇ ಅವನ ನಾಲಿಗೆ ತೊದಲುತ್ತಿತ್ತು.

"ಸತ್ತೋನ ಮಾನ ಕಾಯಾಕೆ ಹಿಂಗಂತಾಳೆ, ಬಿಡ್ರಿ," ಎಂದಳು ಪಕ್ಕದ ಮನೆಯ ಹನುಮಂತಮ್ಮ.

"ಡಾಕ್ಟ್ರು ಕಾಯಿಲೆ ಹೆಸರು ಹೇಳಿದ್ರಲ್ಲ," ಎಂದಳು ಸುನೀತಾ. "ಎಂ.ಎಸ್. ಅಂತ, ನರದ ಕಾಯಿಲೆ. ಅವನಿಗೂ ಅದೇ, ನನಗೂ ಅದೇ."

"ಹಂಗಾರೆ ನೀನ್ಯಾಕೆ ತೂರಾಡಲ್ಲ?" ಜುಂಜಪ್ಪ ಕೇಳಿದ. "ಕಾಯಿಲೆ ಒಂದೇ ಆದ್ಮೇಲೆ ಇಬ್ಬರಿಗೂ ಒಂದೇ ಥರ ಇರಬೇಕಲ್ಲ?"

\* \* \*

ದಾವಣಗೆರೆಯ ಡಾಕ್ಟರಿಗೂ ಸುನೀತಾ ಇದೇ ಪ್ರಶ್ನೆ ಕೇಳಿದ್ದಳು. ಅವಳಿಗೆ ಮೊದಲು ಒಂದು ಕಣ್ಣು ಮಂಜಾಗಿ, ಕೆಲವು ವಾರಗಳಲ್ಲಿ ಸರಿಹೋಗಿತ್ತು. ಆಮೇಲೆ ಕೈ ಜೋಮು, ಏಳಲಾಗದಷ್ಟು ಸುಸ್ತು. ಬರುತ್ತಿತ್ತು, ಹೋಗುತ್ತಿತ್ತು. ಹೊನ್ನಾಳಿಯ ಅತ್ತೆಮನೆಯಲ್ಲಿ ಅದನ್ನು ನಾಟಕ ಎನ್ನುತ್ತಿದ್ದರು. ಶರಣುವಿಗೆ ಬಂದದ್ದು ಹೋಗಲೇ ಇಲ್ಲ. ಬಲಗಾಲು ವರ್ಷದಿಂದ ವರ್ಷಕ್ಕೆ ನೆಲಕ್ಕೆ ಎಳೆಯತೊಡಗಿತ್ತು.

"ಕಾಯಿಲೆ ಒಂದೇ ಕಣಮ್ಮ," ಎಂದಿದ್ದರು ಡಾಕ್ಟರು. "ನರಗಳ ಮೇಲಿನ ಪೊರೆ ಹಾಳಾಗುತ್ತೆ. ಹೆಂಗಸರಿಗೇ ಜಾಸ್ತಿ ಬರೋದು. ಹೆಚ್ಚಾಗಿ ಬಂದು ಬಂದು ಹೋಗುತ್ತೆ. ಗಂಡಸರಲ್ಲಿ ಕೆಲವರಿಗೆ ನಡಿಗೆ, ಹತೋಟಿ ಬೇಗ ಕೆಡುತ್ತೆ. ಎಲ್ಲರಿಗೂ ಹೀಗೇ ಅಂತೇನಿಲ್ಲ."

ಹೊರಗೆ ಬಂದಮೇಲೆ ಶರಣು ನಕ್ಕಿದ್ದ. "ನಿಂದು ನಾಟಕ, ನಂದು ಕುಡುಕತನ. ಒಂದು ಕಾಯಿಲೆಗೆ ಎರಡು ಬೈಗುಳ ನೋಡವ್ವ. ಹೋದ ವಾರ ಪೊಲೀಸ್ನೋರು ಗಾಡಿಯಿಂದ ಇಳಿಸಿ ಊದ್ಸಿದ್ರು. ಸೊನ್ನೆ ಬಂತು. ಮತ್ತೆ ಊದು ಅಂದ್ರು. ಮತ್ತೂ ಸೊನ್ನೆ. ಮಿಷನ್ ಕೆಟ್ಟೈತೆ, ಹೋಗು ಅಂದ್ಬಿಟ್ರು!"

ಮರುದಿನವೇ ಅವನು ತಾನು ಓಡಿಸುತ್ತಿದ್ದ ಗೂಡ್ಸ್ ಆಟೋ ಮಾರಿದ್ದ. ಆಮೇಲೆ ನಗುವುದೂ ಕಡಿಮೆಯಾಯಿತು.

\* \* \*

ಸುನೀತಾ ಒಳಗೆ ಹೋಗಿ ಅಣ್ಣನ ಚಪ್ಪಲಿ ತಂದು ಜುಂಜಪ್ಪನ ಮುಂದೆ ಹಿಡಿದಳು.

"ಎಡದ್ದು ನೋಡ್ರಿ, ಹೊಸದಂಗೈತೆ. ಬಲದ್ದರ ತುದಿ ತೂತು. ಕುಡಿದು ತೂರಾಡೋನ ಚಪ್ಪಲಿ ಹಿಂಗೆ ಒಂದೇ ಸವೀತದೇನು? ಇಡೋದಾದ್ರೆ ಇದನ್ನ ಇಡ್ರಿ. ನಾನೂ ಬರ್ತೀನಿ."

"ಹೆಂಗಸ್ರು ಗುಂಡಿತನಕ ಬರಲ್ಲ."

ಬೆಳಗಿನಿಂದ ಮಗನ ಪಕ್ಕ ಕುಳಿತಿದ್ದ ತಾಯಿ ಅಜ್ಜಮ್ಮ ತಲೆ ಎತ್ತಿದಳು. "ಇವತ್ತು ಬರ್ತಾಳೆ ಭಾವ. ನೀವು ಎತ್ರಿ."

ಬಿಸಿಲು ಸುಡುತ್ತಿತ್ತು. ಬಿಸಿಲಿಗೆ ಸುನೀತಾಳ ಕಾಯಿಲೆ ಕೆರಳುತ್ತಿತ್ತು. ಹೊಲದ ಬದುವಿಗೆ ಬರುವಷ್ಟರಲ್ಲಿ ಅವಳ ಕಾಲುಗಳು ಮಾತು ಕೇಳದೆ ವಾಲತೊಡಗಿದವು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಪ್ಯಾಕೆಟ್.

"ಪ್ಯಾಕೆಟ್ ಇವಳೇ ಮುಗಿಸಿದಂಗೈತಲ್ಲೋ," ಎಂದು ಹಿಂದೆ ಯಾರೋ ಕಿಸಕ್ಕೆಂದರು.

ಸುನೀತಾ ನಿಂತಳು. ನೇರ ಜುಂಜಪ್ಪನ ಹತ್ತಿರ ಹೋಗಿ, ಅವನ ಮುಖಕ್ಕೆ ಮುಖ ತಂದು, ಬಾಯಿ ತೆರೆದು ಹಾ ಎಂದು ಊದಿದಳು.

"ವಾಸನೆ ಬಂತಾ ದೊಡ್ಡಪ್ಪ?"

ಜುಂಜಪ್ಪ ಹಿಂದೆ ಸರಿದ.

"ಬಂತಾ? ಎಲ್ಲರಿಗೂ ಕೇಳಂಗೆ ಹೇಳ್ರಿ."

"ಇಲ್ಲ."

"ನಿಮ್ಮಿಂದ ಬರ್ತೈತೆ."

ಸುನೀತಾ ಪ್ಯಾಕೆಟ್ಟನ್ನು ಜುಂಜಪ್ಪನ ಅಂಗಿಯ ಜೇಬಿಗೆ ತುರುಕಿದಳು. "ಇದು ನಿಮ್ಮದು, ಇಟ್ಕೊಳ್ರಿ." ಚಪ್ಪಲಿಗಳನ್ನು ಅವನ ಕೈಗೆ ಕೊಟ್ಟಳು. "ಇದು ಅವನದು."

ವಾಲುತ್ತಲೇ ಅವಳು ಎಲ್ಲರಿಗಿಂತ ಮುಂದೆ ನಡೆದಳು.

ಶರಣುವನ್ನು ಗುಂಡಿಯಲ್ಲಿ ಮಲಗಿಸಿದ ಮೇಲೆ ಚಪ್ಪಲಿ ಇಡಲು ಹಿರಿಯನಾದ ಜುಂಜಪ್ಪನೇ ಕೆಳಗಿಳಿಯಬೇಕಾಯಿತು. ಬಗ್ಗಿದಾಗ ಪ್ಯಾಕೆಟ್ ಜೇಬಿನಿಂದ ಜಾರತೊಡಗಿತು. ಒಂದು ಕೈಯಿಂದ ಜೇಬನ್ನು ಗಟ್ಟಿಯಾಗಿ ಮುಚ್ಚಿಕೊಂಡೇ, ಇನ್ನೊಂದು ಕೈಯಿಂದ ಅವನು ತುದಿ ತೂತಾದ ಚಪ್ಪಲಿಯನ್ನು ಶರಣುವಿನ ಬಲಪಾದಕ್ಕೆ ತೊಡಿಸಿದ.