ಮಾಳಿಗೆಯ ಮಣ್ಣು

ಮೈದುನನ ಮಗ ಗೌರೀಶ ಬಿಳಿ ಮಣ್ಣಿನ ಗುಡ್ಡೆಗೆ ಎರಡನೇ ಸಲ ಸಲಿಕೆ ಇಳಿಸುವಷ್ಟರಲ್ಲಿ ಗುರವ್ವ ಗಂಡನ ಹೆಣದ ಬಾಜು ಬಿಟ್ಟೆದ್ದು ಅಂಗಳಕ್ಕೆ ಬಂದಳು.

“ಏನ್ ಮಾಡಾಕತ್ತೀಲೇ?”

“ಕುಣಿ ಮುಚ್ಚಾಕ ಬೇಕಲ್ಲ ದೊಡ್ಡವ್ವ. ಅಲ್ಲಿ ಎರಿ ಮಣ್ಣು ಬರೇ ಹೆಂಟಿ. ಇದು ನುಣ್ಣಗೈತಿ.”

“ಇಡು ಸಲಕಿ. ಅದು ಮ್ಯಾಳಿಗಿ ಮಣ್ಣು.”

ಮಳೆಗೆ ಕರಗದ ಕರಲು ಮಣ್ಣು ಅದು. ಬೇಸಿಗೆಯ ಕೊನೆಗೆ ಹಳ್ಳದ ದಂಡೆಯಿಂದ ತಂದು, ಮನೆಯ ಮಣ್ಣಿನ ಚಾವಣಿಯಾದ ಮಾಳಿಗೆಗೆ ಏರಿಸಿ, ಸೋರದಂತೆ ಹರವಿ ಬಡಿಯುವುದು ಗಂಡ ಈರಪ್ಪನ ಪ್ರತಿವರ್ಷದ ಕೆಲಸ. ನಿನ್ನೆ ಅರ್ಧ ಮುಗಿಸಿ ನೀರು ಕುಡಿಯಲು ಇಳಿದವನು ಕಟ್ಟೆಯ ಮೇಲೆ ಕೂತ; ಮತ್ತೆ ಏಳಲಿಲ್ಲ.

ಪಕ್ಕದ ಮನೆಯಿಂದ ಮೈದುನ ಸಂಗನಬಸವ ಬೆವರೊರೆಸಿಕೊಳ್ಳುತ್ತ ಬಂದ. “ಮಗನ್ನ್ಯಾಕ ಬೈತಿ, ವೈನಿ? ಅಣ್ಣನ ದಿನಾ-ಕರ್ಮ ಮುಗದ ಮ್ಯಾಲೆ ತೊಲಿ, ಜಂತಿ ಬಿಚ್ಚಸೂದೈತಿ. ಮ್ಯಾಳಿಗೀನ ಇರಂಗಿಲ್ಲ, ಮಣ್ಣ್ಯಾಕ?”

“ಬಿಚ್ಚಸಾವ್ರು ಯಾರು?”

“ನಾನ. ಸ್ಲ್ಯಾಬ್ ಹಾಕೂಣು. ವರ್ಷಾ ಮಣ್ಣು ಹೊರೂದು ನಿನ್ನ ಕೈಲೆ ಆಕ್ಕೈತೇನು?”

ಗುರವ್ವ ಸಲಿಕೆ ಕಸಿದುಕೊಂಡು ಗೋಡೆಗೆ ಆನಿಸಿದಳು.

* * *

ತನ್ನ ಪಾಲಿನ ಮನೆಗೆ ತಗಡು ಹೊದಿಸಿದ ವರ್ಷ ಸಂಗನಬಸವ ಅಣ್ಣನನ್ನು ಕಂಡಲ್ಲೆಲ್ಲ ನಗುತ್ತಿದ್ದ. “ನಮ್ಮಣ್ಣ ಇನ್ನೂ ಮನಿ ಮ್ಯಾಲಿನ ಹುಲ್ಲು ಕೀಳ್ತಾನ!” ಚಳಿಗಾಲದ ಒಂದು ಮುಂಜಾನೆ ಈರಪ್ಪ ಅವನ ಕೈ ಹಿಡಿದು ತನ್ನ ಮನೆಯೊಳಗೆ ಕರೆತಂದ.

“ನಿನ್ನೆ ಸಂಜಿಗೆ ಒಲಿ ಆರೇತಿ. ಗ್ವಾಡಿ ಮುಟ್ಟು.”

ಗೋಡೆ ಬೆಚ್ಚಗಿತ್ತು. ತಮ್ಮನ ಮನೆಯಲ್ಲಿ ತಗಡಿನ ಒಳಮೈಯಿಂದ ಹನಿ ತೊಟ್ಟಿಕ್ಕುತ್ತಿತ್ತು.

“ನೋಡಲೇ, ನೀ ಒಲಿ ಹಚ್ಚೂದು ಆಕಾಶಕ್ಕ. ನಾ ಹಚ್ಚೂದು ಮನಿಗೆ.”

ಆರಿದ ಒಲೆಯ ಬೂದಿ ತೆಗೆಯುತ್ತಿದ್ದ ಗುರವ್ವ ಸೆರಗು ಬಾಯಿಗಿಟ್ಟು ನಕ್ಕಿದ್ದಳು.

* * *

ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಸಂಗನಬಸವನ ತಗಡಿನಡಿ ಕೂತಿದ್ದ ಭಜನೆಯವರು ಒಬ್ಬೊಬ್ಬರಾಗಿ ಎದ್ದು ಈಚೆ ಮಾಳಿಗೆ ಮನೆಗೆ ಬಂದರು. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದ ಈರಪ್ಪನ ಸುತ್ತ ಜಂತಿಗಳ ಕೆಳಗೆ ಜಾಗ ಸಾಲದಾಯಿತು.

“ಇದ್ದಾಗ ಹುಚ್ಚ ಅಂದ್ವಿ,” ತಾಳ ಹಿಡಿದ ಲಕ್ಷ್ಮಪ್ಪ ಒತ್ತರಿಸಿ ಕೂತ. “ಈಗ ಅವನ ಬಾಜುಕ ಕುಂದ್ರಾಕ ಬಡದಾಡ್ತೀವಿ. ಅಗದಿ ತಂಪೈತಿ ಬಿಡ್ರಿ.”

ಕಡೆಗೆ ಸಂಗನಬಸವನೂ ಬಂದ. ಬೆನ್ನಿಗಂಟಿದ ಅಂಗಿ ಬಿಡಿಸಿಕೊಳ್ಳುತ್ತ ಮೂಲೆ ಹಿಡಿದ. ಗುರವ್ವ ಅವನನ್ನು ನೋಡಿದಳು. ಅವನು ಜಂತಿ ನೋಡಿದ.

ಸಂಜೆ ಮಣ್ಣು ಕೊಟ್ಟು, ಜಳಕ ಮುಗಿಸಿ ಬಂದವಳೇ ಗುರವ್ವ ಕಚ್ಚೆ ಬಿಗಿದು ಏಣಿ ಹತ್ತಿದಳು.

“ಇವತ್ತೇನ ಬೇ?” ಎಂದು ನೆರೆಯ ಮೈಲಾರವ್ವ ಬಾಯಿ ಮೇಲೆ ಕೈಯಿಟ್ಟಳು.

“ಮಳಿ ನನ್ನ ಕೇಳಿ ಬರ್ತೈತೇನ?”

ಗಂಡ ಬಿಟ್ಟಿದ್ದ ಬುಟ್ಟಿ ಅಲ್ಲೇ ಇತ್ತು. ಅವನು ಬಡಿದ ಅರ್ಧ ಬೆಳ್ಳಗೆ ಗಟ್ಟಿಯಾಗಿತ್ತು. ಆಕೆ ಹಗ್ಗ ಕಟ್ಟಿ ಬುಟ್ಟಿಯನ್ನು ಕೆಳಗೆ ಬಿಟ್ಟಳು. ಅಂಗಳದಲ್ಲಿ ಮಣ್ಣಿನ ಗುಡ್ಡೆಯ ಪಕ್ಕ ಸಂಗನಬಸವ ನಿಂತಿದ್ದ. ಖಾಲಿ ಬುಟ್ಟಿ ಅವನ ಎದೆಯ ಮುಂದೆ ತೂಗಾಡಿತು. ಗುರವ್ವ ಹಗ್ಗ ಮೇಲೆಳೆಯಲಿಲ್ಲ.